ಆರೋಗ್ಯ ಚಿಂತನ: ಕಾಯದ ಕಾವಲುಗಾರ ಪಿ-53



ಈ ತಿಂಗಳು ಮಳೆಗಾಲದ ಜ್ವರಗಳ ವಿಚಾರವನ್ನು ಬರೆಯಬೇಕೆಂದು ಸಂಕಲ್ಪಿಸಿದ್ದೆ. ಅಷ್ಟರಲ್ಲಿ ಭದ್ರಾವತಿಯ ಹಳೇನಗರದ ಸೋದರಿಯೊಬ್ಬರ ಪತ್ರ ಕೈಸೇರಿತು. ಅದನ್ನು ಓದಿದ ಮೇಲೆ ಜ್ವರದ ಲೇಖನವನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು, ಈ ಪತ್ರಕ್ಕೆ ಉತ್ತರ ಬರೆಯುವುದೇ ಸೂಕ್ತವೆಂದು ಭಾವಿಸಿದೆ. ಅವರ ಹೆಸರನ್ನೂ ಮನೆಯ ಗುರುತನ್ನೂ ಇಲ್ಲಿ ಕಾಣಿಸುವುದಿಲ್ಲ. ಆದರೆ ಅವರ ಸಂಕಟ ನಮ್ಮ ಅನೇಕ ಮನೆಗಳ ಸಂಕಟವಾಗಿರುವುದರಿಂದ ಪತ್ರದ ಸಾರವನ್ನು ತಿಳಿಸುತ್ತೇನೆ.

ಆ ಸೋದರಿಯ ಮಾವನವರಿಗೆ ಅರವತ್ತನಾಲ್ಕು ವರ್ಷ. ಎರಡು ಎಕರೆ ಅಡಿಕೆ ತೋಟವನ್ನು ಸ್ವಂತ ದುಡಿಮೆಯಿಂದ ಬೆಳೆಸಿದವರು. ನಲವತ್ತು ವರ್ಷಗಳಿಂದ ಎಲೆ ಅಡಿಕೆ, ಜೊತೆಗೆ ಹೊಗೆಸೊಪ್ಪು ಹಾಕುವ ರೂಢಿ. ಎಡದವಡೆಯ ಒಳಭಾಗದಲ್ಲಿ ಬಿಳಿಯ ಮಚ್ಚೆಯೊಂದು ವರ್ಷಕ್ಕೂ ಮಿಗಿಲಾಗಿ ಇತ್ತಂತೆ. ಸೊಸೆ ಕೇಳಿದಾಗಲೆಲ್ಲ ‘ಸುಣ್ಣ ಸುಟ್ಟಿದೆ ಮಗಳೇ, ತಾನೇ ಹೋಗುತ್ತದೆ’ ಎನ್ನುತ್ತಿದ್ದರು. ಮಚ್ಚೆ ಹುಣ್ಣಾಯಿತು, ಹುಣ್ಣು ಗಟ್ಟಿಯಾಯಿತು. ಶಿವಮೊಗ್ಗದಲ್ಲಿ ಚೂರು ಮಾಂಸವನ್ನು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ತಿಳಿಯಿತು. ವರದಿಯ ಕೊನೆಯ ಸಾಲಿನಲ್ಲಿ ‘ಪಿ-53 ಪಾಸಿಟಿವ್’ ಎಂದಿತ್ತು.

ಕಷ್ಟ ಮೊದಲಾದದ್ದು ಆ ಸಾಲಿನಿಂದ. ಸೋದರಿಯ ಮಗಳಿಗೆ ಶಿವಮೊಗ್ಗದ ಒಂದು ಮನೆತನದೊಡನೆ ಸಂಬಂಧ ಕೂಡಿಬಂದಿತ್ತು. ಎರಡು ಕಡೆಯನ್ನೂ ಬಲ್ಲ ಹಿರಿಯರೊಬ್ಬರು ವರದಿಯನ್ನು ನೋಡಿ, ‘ಪಿ-53 ಎಂಬುದು ವಂಶವಾಹಿಯ ದೋಷ, ರಕ್ತದಲ್ಲೇ ಹರಿದು ಬರುತ್ತದೆ’ ಎಂದುಬಿಟ್ಟರು. ಗಂಡಿನ ಕಡೆಯವರು ನಿಶ್ಚಿತಾರ್ಥವನ್ನು ಮುಂದಕ್ಕೆ ಹಾಕಿದರು. ಸೋದರಿ ಕೇಳುತ್ತಾರೆ: ‘ಮಾವನವರ ರೋಗ ನನ್ನ ಮಗಳ ರಕ್ತದಲ್ಲಿ ಇದೆಯೇ? ಇದು ಮನೆತನದ ರೋಗವೇ? ಕಾಲೇಜಿನಲ್ಲಿ ಓದುವ ಮಗನ ಅಂಗಿಯ ಜೇಬಿನಲ್ಲಿ ಮೊನ್ನೆ ಗುಟ್ಕಾದ ಚೀಟಿ ಸಿಕ್ಕಿತು. ಅವನ ಗತಿಯೇನು? ಮಾವನವರು ಈಗ ಯಾರೊಡನೆಯೂ ಮಾತನಾಡುವುದಿಲ್ಲ. ತಮ್ಮಿಂದ ಮೊಮ್ಮಗಳ ಮದುವೆ ನಿಂತಿತೆಂದು ಊಟವನ್ನೇ ಬಿಟ್ಟಿದ್ದಾರೆ.’

ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ‘ಅಲ್ಲ’ ಎಂದರೆ ಸಾಲದು. ಏಕೆ ಅಲ್ಲ ಎಂಬುದು ಎರಡೂ ಮನೆಯವರಿಗೆ ಮನವರಿಕೆಯಾಗಬೇಕು. ಅದಕ್ಕಾಗಿ ಪಿ-53 ಎಂದರೇನು ಎಂಬುದನ್ನು ಮೊದಲು ತಿಳಿಯೋಣ.

ತಪ್ಪನ್ನು ತಡೆಯುವ ಪರೀಕ್ಷಕ

ನಮ್ಮ ಶರೀರ ಕೋಟಿ ಕೋಟಿ ಜೀವಕೋಶಗಳಿಂದ ಆಗಿದೆ. ಬಾಯಿಯ ಒಳಪದರದ ಕೋಶಗಳು ಬಹು ಬೇಗ ಸವೆಯುತ್ತವೆ. ಅವುಗಳ ಸ್ಥಾನಕ್ಕೆ ಹೊಸ ಕೋಶಗಳು ಬರಬೇಕು. ಒಂದು ಕೋಶ ಎರಡಾಗುವಾಗ ತನ್ನೊಳಗಿನ ಡಿಎನ್‌ಎ ಎಂಬ ಬರಹವನ್ನು ಪೂರ್ತಿ ನಕಲು ಮಾಡಿಕೊಳ್ಳುತ್ತದೆ. ನಕಲು ಮಾಡುವಾಗ ಅಕ್ಷರ ತಪ್ಪುವುದು ಸಹಜ. ಹೊಗೆ, ತಂಬಾಕು, ಬಿಸಿಲಿನ ತೀಕ್ಷ್ಣ ಕಿರಣ ಮೊದಲಾದವುಗಳೂ ಆ ಬರಹವನ್ನು ಕೆಡಿಸುತ್ತವೆ.

ಭದ್ರಾವತಿಯವರಿಗೆ ಒಂದು ಉಪಮೆ ಸುಲಭವಾಗಿ ಅರ್ಥವಾದೀತು. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ ಮೂಡಿ, 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಆ ಊರನ್ನು ಕಟ್ಟಿತು. ಎರಕದ ಕೆಲಸ ಬಲ್ಲವರಿಗೆ ಗೊತ್ತು: ಅಚ್ಚಿನಲ್ಲಿ ಬಿರುಕು ಕಂಡರೆ ಪರೀಕ್ಷಕ ಕೆಲಸವನ್ನು ನಿಲ್ಲಿಸುತ್ತಾನೆ. ತಿದ್ದಲು ಸಾಧ್ಯವಿದ್ದರೆ ತಿದ್ದಿಸುತ್ತಾನೆ, ಸಾಧ್ಯವಿಲ್ಲದಿದ್ದರೆ ಆ ಅಚ್ಚನ್ನೇ ಒಡೆಸುತ್ತಾನೆ. ಅವನು ಕಣ್ಣು ಮುಚ್ಚಿ ಕುಳಿತರೆ ದೋಷವಿರುವ ಸಾಮಾನು ಸಾವಿರಗಟ್ಟಲೆ ಹೊರಬೀಳುತ್ತದೆ. ಕೋಶದೊಳಗೆ ಈ ಪರೀಕ್ಷಕನ ಕೆಲಸ ಮಾಡುವ ಪ್ರೋಟೀನಿಗೆ ಪಿ-53 ಎಂದು ಹೆಸರು.

ಡಿಎನ್‌ಎಗೆ ಪೆಟ್ಟು ಬಿದ್ದೊಡನೆ ಪಿ-53ರ ಪ್ರಮಾಣ ಏರುತ್ತದೆ. ನಾಲ್ಕು ನಾಲ್ಕು ಅಣುಗಳು ಒಂದುಗೂಡಿ ಡಿಎನ್‌ಎಯನ್ನು ಹಿಡಿದು ಬೇರೆ ವಂಶವಾಹಿಗಳಿಗೆ ಆಜ್ಞೆ ಕೊಡುತ್ತವೆ. ಒಂದು ಆಜ್ಞೆ ಕೋಶದ ವಿಭಜನೆಯನ್ನು ನಿಲ್ಲಿಸುತ್ತದೆ, ಇನ್ನೊಂದು ರಿಪೇರಿಯನ್ನು ನಡೆಸುತ್ತದೆ. ರಿಪೇರಿ ಆಗದಿದ್ದರೆ ಮೂರನೆಯ ಆಜ್ಞೆ ಹೊರಡುತ್ತದೆ. ಆಗ ಕೋಶ ತನ್ನನ್ನು ತಾನೇ ಇಲ್ಲವಾಗಿಸಿಕೊಳ್ಳುತ್ತದೆ. ಇಡೀ ಶರೀರದ ಹಿತಕ್ಕಾಗಿ ಒಂದು ಕೋಶ ಮಾಡುವ ಈ ತ್ಯಾಗ ನಮ್ಮೊಳಗೆ ದಿನವೂ ನಡೆಯುತ್ತಿದೆ.

ಈ ಪ್ರೋಟೀನನ್ನು 1979ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಹಲವು ತಂಡಗಳು ಕಂಡುಕೊಂಡವು. ಪ್ರಯೋಗಾಲಯದಲ್ಲಿ 53 ಸಾವಿರ ಡಾಲ್ಟನ್ ತೂಗುವಂತೆ ತೋರಿದ್ದರಿಂದ ಪಿ-53 ಎಂಬ ಹೆಸರು ಬಂತು. ನಿಜವಾದ ತೂಕ ಸುಮಾರು 44 ಸಾವಿರವೆಂದು ತಿಳಿದ ಮೇಲೂ ಹೆಸರು ಹಾಗೆಯೇ ಉಳಿಯಿತು. ಹೆಸರಿಗಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಹತ್ತು ವರ್ಷಗಳ ಕಾಲ ವಿಜ್ಞಾನಿಗಳು ಇದನ್ನು ಕ್ಯಾನ್ಸರನ್ನು ಬೆಳೆಸುವ ಪ್ರೋಟೀನ್ ಎಂದೇ ಎಣಿಸಿದ್ದರು. ಅವರು ಅಭ್ಯಾಸಕ್ಕೆ ತೆಗೆದುಕೊಂಡ ಮಾದರಿಗಳಲ್ಲಿ ಇದ್ದದ್ದು ಆಗಲೇ ಕೆಟ್ಟುಹೋದ ಪಿ-53. 1989ರಲ್ಲಿ ಅಮೆರಿಕದ ಬರ್ಟ್ ವೋಗೆಲ್‌ಸ್ಟೈನ್ ಅವರ ತಂಡ ಕರುಳಿನ ಕ್ಯಾನ್ಸರನ್ನು ಪರಿಶೀಲಿಸಿ, ಇದು ಗೆಡ್ಡೆಯನ್ನು ತಡೆಯುವ ಪ್ರೋಟೀನ್ ಎಂದು ತೋರಿಸಿಕೊಟ್ಟಿತು. ಕಾವಲುಗಾರನನ್ನೇ ಕಳ್ಳನೆಂದು ತಿಳಿದಿದ್ದಂತಾಯಿತು! 1992ರಲ್ಲಿ ಡೇವಿಡ್ ಲೇನ್ ಇದಕ್ಕೆ ‘ಜೀನೋಮಿನ ಕಾವಲುಗಾರ’ ಎಂಬ ಬಿರುದು ಕೊಟ್ಟರು. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಕಾವಲುಗಾರನ ವಂಶವಾಹಿ ಕೆಟ್ಟಿರುತ್ತದೆ.

ಕಾವಲುಗಾರನಿಗೂ ಒಂದು ಕಡಿವಾಣ

ಪರೀಕ್ಷಕ ಸದಾ ಕಾಲ ಕೆಲಸ ನಿಲ್ಲಿಸುತ್ತಲೇ ಇದ್ದರೆ ಕಾರ್ಖಾನೆ ನಡೆಯದು. ಆದ್ದರಿಂದ ಆರೋಗ್ಯವಂತ ಕೋಶದಲ್ಲಿ ಎಂಡಿಎಂ-2 ಎಂಬ ಇನ್ನೊಂದು ಪ್ರೋಟೀನ್ ಪಿ-53ರ ಮೇಲೆ ಗುರುತು ಒತ್ತಿ, ಅದನ್ನು ಕೋಶದ ಕಸದ ತೊಟ್ಟಿಗೆ ಕಳಿಸುತ್ತಿರುತ್ತದೆ. ಹೀಗಾಗಿ ಪಿ-53 ಬಹಳ ಕಡಿಮೆ ಇರುತ್ತದೆ. ಸ್ವಾರಸ್ಯವೆಂದರೆ ಎಂಡಿಎಂ-2ನ್ನು ತಯಾರಿಸಲು ಆಜ್ಞೆ ಕೊಡುವುದೂ ಪಿ-53ರೇ. ತನ್ನ ಕಡಿವಾಣವನ್ನು ತಾನೇ ಹೆಣೆದುಕೊಳ್ಳುವ ಕಾವಲುಗಾರನಿವನು.

ವರದಿಯ ‘ಪಾಸಿಟಿವ್’ ಎಂಬ ಮಾತಿನ ಗುಟ್ಟು ಇಲ್ಲಿಯೇ ಇದೆ. ಪಿ-53 ಕೆಟ್ಟಾಗ ಅದಕ್ಕೆ ಎಂಡಿಎಂ-2ನ್ನು ತಯಾರಿಸುವ ಶಕ್ತಿ ಇರುವುದಿಲ್ಲ. ಗುರುತು ಒತ್ತುವವರಿಲ್ಲದೆ ಕೆಟ್ಟ ಪಿ-53 ಕೋಶದಲ್ಲಿ ರಾಶಿ ಬೀಳುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ಗಾಢ ಕಂದಾಗಿ ಕಾಣುತ್ತದೆ. ಅದನ್ನೇ ಪಾಸಿಟಿವ್ ಎನ್ನುತ್ತಾರೆ. ಕೆಲವು ಗೆಡ್ಡೆಗಳಲ್ಲಿ ಪಿ-53 ಪೂರ್ತಿ ಇಲ್ಲವಾಗಿ ಬಣ್ಣವೇ ಹಿಡಿಯದೆ ಇರುವುದೂ ಉಂಟು. ಅದೂ ದೋಷವೇ.

ಹಾಗಾದರೆ ಆ ಬಣ್ಣ ಹಾಕಿದ್ದು ಯಾವುದಕ್ಕೆ? ಮಾವನವರ ದವಡೆಯಿಂದ ತೆಗೆದ ಚೂರಿಗೆ. ವರದಿ ಹೇಳುತ್ತಿರುವುದು ಆ ಗೆಡ್ಡೆಯ ಕೋಶಗಳ ಸಂಗತಿಯನ್ನು ಮಾತ್ರ. ಅವರ ರಕ್ತದ ಬಗ್ಗೆಯಾಗಲಿ, ಅವರ ಮಗನ ಬಗ್ಗೆಯಾಗಲಿ, ಮೊಮ್ಮಗಳ ಬಗ್ಗೆಯಾಗಲಿ ಅದರಲ್ಲಿ ಒಂದು ಅಕ್ಷರವೂ ಇಲ್ಲ.

ಹುಟ್ಟಿನ ದೋಷ ಬೇರೆ, ಗಳಿಸಿದ ದೋಷ ಬೇರೆ

ಪಿ-53ರ ವಂಶವಾಹಿ ಹದಿನೇಳನೆಯ ವರ್ಣತಂತುವಿನಲ್ಲಿದೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿಗಳು ನಮಗೆ ಬರುತ್ತವೆ. ಬಹುಪಾಲು ಕ್ಯಾನ್ಸರುಗಳಲ್ಲಿ ಈ ಪ್ರತಿಗಳು ಹುಟ್ಟುವಾಗ ಸರಿಯಾಗಿಯೇ ಇರುತ್ತವೆ. ಆಮೇಲೆ ಯಾವುದೋ ಒಂದು ಅಂಗದ ಒಂದು ಕೋಶದಲ್ಲಿ ಕೆಡುತ್ತವೆ. ಆ ಕೋಶದ ಸಂತತಿಯಲ್ಲಿ ಮಾತ್ರ ದೋಷ ಮುಂದುವರಿಯುತ್ತದೆ. ಕೆನ್ನೆಯ ಕೋಶದಲ್ಲಿ ಆದ ಕೇಡು ಮಕ್ಕಳಿಗೆ ಹೋಗುವುದಿಲ್ಲ. ಮಳೆಗಾಲದಲ್ಲಿ ಗೊನೆಗೆ ಕೊಳೆರೋಗ ಬಂದರೆ ಆ ಮರದ ತಳಿಯೇ ಕೆಟ್ಟಿತೆಂದು ಯಾವ ತೋಟಿಗನೂ ಹೇಳುವುದಿಲ್ಲವಷ್ಟೆ?

ಹುಟ್ಟಿನಿಂದಲೇ ಒಂದು ಪ್ರತಿ ಕೆಟ್ಟಿರುವ ಕುಟುಂಬಗಳು ಇಲ್ಲವೇ ಇಲ್ಲವೆಂದಲ್ಲ. 1969ರಲ್ಲಿ ಅಮೆರಿಕದ ಲೀ ಮತ್ತು ಫ್ರೌಮೆನಿ ಎಂಬ ವೈದ್ಯರು ಅಂಥ ಕುಟುಂಬಗಳನ್ನು ವರ್ಣಿಸಿದರು. ಅದಕ್ಕೆ ಪಿ-53ರ ಹುಟ್ಟುದೋಷವೇ ಕಾರಣವೆಂದು 1990ರಲ್ಲಿ ತಿಳಿಯಿತು. ಅಂಥ ತಂದೆ ಅಥವಾ ತಾಯಿಯ ಪ್ರತಿ ಮಗುವಿಗೂ ದೋಷ ಬರುವ ಸಂಭವ ಅರ್ಧಕ್ಕರ್ಧ. ಆದರೆ ಅಲ್ಲಿ ರೋಗದ ಚಿತ್ರವೇ ಬೇರೆ. ಮಕ್ಕಳಲ್ಲಿ, ಹರೆಯದವರಲ್ಲಿ ಮೂಳೆ ಮತ್ತು ಸ್ನಾಯುವಿನ ಗೆಡ್ಡೆ, ಮೆದುಳಿನ ಗೆಡ್ಡೆ, ಚಿಕ್ಕ ವಯಸ್ಸಿನಲ್ಲೇ ಸ್ತನದ ಕ್ಯಾನ್ಸರ್, ಒಬ್ಬರಿಗೇ ಎರಡು ಮೂರು ಬಗೆಯ ಕ್ಯಾನ್ಸರ್ ಹೀಗೆ ಕಾಣಿಸುತ್ತದೆ. ಇಂಥ ಚರಿತ್ರೆಯಿರುವ ಮನೆಯವರು ವಂಶವಾಹಿ ತಜ್ಞರ ಸಲಹೆ ಪಡೆಯಬೇಕು. ಇದು ಬಹು ವಿರಳ. ನಲವತ್ತು ವರ್ಷ ಹೊಗೆಸೊಪ್ಪು ಹಾಕಿದ ಅರವತ್ತನಾಲ್ಕರ ಹಿರಿಯರಿಗೆ ದವಡೆಯಲ್ಲಿ ಬಂದ ಕ್ಯಾನ್ಸರ್ ಈ ಚಿತ್ರಕ್ಕೆ ಹೊಂದುವುದಿಲ್ಲ. ನಮ್ಮ ಕಡೆ ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಬಾಯಿಯ ಕ್ಯಾನ್ಸರ್ ಕಂಡರೆ, ಸಾಮಾನ್ಯವಾಗಿ ತಂದೆಯಿಂದ ಮಗನಿಗೆ ಹರಿದು ಬಂದದ್ದು ಚಟವೇ ಹೊರತು ರಕ್ತವಲ್ಲ.

ಕಾವಲುಗಾರನನ್ನು ಕೆಡಿಸುವವರು ಯಾರು?

ಪಿ-53ರ ಮೇಲೆ ಬಿದ್ದ ಗಾಯವನ್ನು ನೋಡಿ ಗಾಯ ಮಾಡಿದವರ ಗುರುತು ಹಿಡಿಯಲು ಕೆಲವೊಮ್ಮೆ ಸಾಧ್ಯವಿದೆ. ತಂಬಾಕಿನ ಹೊಗೆಯಲ್ಲಿರುವ ಬೆಂಜೋಪೈರಿನ್ ಎಂಬ ರಾಸಾಯನಿಕದಿಂದ ಬರುವ ವಸ್ತು ಪಿ-53ರ ವಂಶವಾಹಿಯಲ್ಲಿ ಎಲ್ಲೆಲ್ಲಿ ಅಂಟುತ್ತದೆ ಎಂಬುದನ್ನು 1996ರಲ್ಲಿ ಪ್ರಯೋಗದಿಂದ ಗುರುತಿಸಿದರು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಪಿ-53 ಹೆಚ್ಚಾಗಿ ಕೆಟ್ಟಿರುವ ಜಾಗಗಳೂ ಅವೇ ಆಗಿದ್ದವು. ಬೂಸ್ಟು ಹಿಡಿದ ಕಡಲೆಕಾಯಿ, ಜೋಳಗಳಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿನ ಕ್ಯಾನ್ಸರಿನಲ್ಲಿ ಇದೇ ರೀತಿ ತನ್ನದೇ ಗುರುತು ಬಿಡುತ್ತದೆಂದು 1991ರಲ್ಲಿ ತಿಳಿದುಬಂದಿತ್ತು. ತಾಯಂದಿರು ಬೂಸ್ಟು ಬಂದ ಕಾಳನ್ನು ‘ತೊಳೆದರಾಯಿತು’ ಎಂದು ಬಳಸಬಾರದು.

ಗರ್ಭಕೋಶದ ಕೊರಳಿನ ಕ್ಯಾನ್ಸರಿನಲ್ಲಿ ನಡೆಯುವುದು ಬೇರೆ ಬಗೆಯ ಮೋಸ. ಅಲ್ಲಿ ವಂಶವಾಹಿ ಸರಿಯಾಗಿಯೇ ಇರುತ್ತದೆ. ಆದರೆ ಎಚ್‌ಪಿವಿ ಎಂಬ ವೈರಸ್ಸು ತಯಾರಿಸುವ ಪ್ರೋಟೀನೊಂದು ಪಿ-53ನ್ನು ನಾಶಕ್ಕೆ ಗುರಿ ಮಾಡುತ್ತದೆ. ಈ ವೈರಸ್ಸಿಗೆ ಲಸಿಕೆ ಇದೆ. ಹೆಣ್ಣುಮಕ್ಕಳಿಗೆ 9ರಿಂದ 14 ವರ್ಷದೊಳಗೆ ಕೊಡಿಸುವುದು ಶ್ರೇಷ್ಠ.

ಇನ್ನು ನಮ್ಮ ಜಿಲ್ಲೆಯ ಮಾತಿಗೆ ಬರೋಣ. ಇದನ್ನು ಬರೆಯುವಾಗ ನನ್ನ ಲೇಖನಿ ಸ್ವಲ್ಪ ಅಳುಕುತ್ತದೆ. ಏಕೆಂದರೆ ಈ ಪುಟವನ್ನು ಓದುವ ಎಷ್ಟೋ ಮನೆಗಳಲ್ಲಿ ಮಕ್ಕಳ ವಿದ್ಯೆ, ಮದುವೆ, ಮನೆ ಎಲ್ಲವೂ ಅಡಿಕೆಯಿಂದಲೇ ಆಗಿವೆ. ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಂಬ ಮಾತುಗಳು ಶಿವಮೊಗ್ಗದ ಪೇಟೆಯಲ್ಲಿ ಬದುಕಿನ ಏರಿಳಿತದ ಮಾತುಗಳು. ಆದರೂ ವೈದ್ಯನಾದವನು ಸತ್ಯವನ್ನು ಮುಚ್ಚಿಡಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಂಬಾಕು ಇಲ್ಲದಿದ್ದರೂ ಅಗಿಯುವ ಅಡಿಕೆ ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ಮೊದಲನೆಯ ವರ್ಗದಲ್ಲಿ ಸೇರಿಸಿದೆ. ಅಡಿಕೆಯನ್ನು ಸದಾ ಅಗಿಯುವವರಲ್ಲಿ ಬಾಯಿಯ ಒಳಪದರ ನಾರುಗಟ್ಟಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಆ ಸ್ಥಿತಿ ಮುಂದೆ ಕ್ಯಾನ್ಸರಿಗೆ ತಿರುಗಬಹುದು. ತಂಬಾಕು ಸೇರಿದರೆ ಅಪಾಯ ಹಲವು ಪಟ್ಟು. ಇದೇ ಸಂಸ್ಥೆಯ 2024ರ ಲೆಕ್ಕದಂತೆ, 2022ರಲ್ಲಿ ಜಗತ್ತಿನಲ್ಲಿ ಕಂಡ ಬಾಯಿಯ ಕ್ಯಾನ್ಸರುಗಳಲ್ಲಿ ಸುಮಾರು 1,20,200 ಪ್ರಕರಣಗಳಿಗೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ. ಅವುಗಳಲ್ಲಿ 83,400 ಭಾರತದಲ್ಲೇ.

ಅಡಿಕೆ ಬೆಳೆದವರನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಶುಭಕಾರ್ಯದಲ್ಲಿ ಎಲೆ ಅಡಿಕೆ ಕೊಡುವ ಸಂಪ್ರದಾಯಕ್ಕೂ ಇದರಿಂದ ಕುಂದಿಲ್ಲ. ವೀಳ್ಯವನ್ನು ಕೈಯಲ್ಲಿ ಹಿಡಿದು ಗೌರವಿಸುವುದು ಬೇರೆ, ದಿನವಿಡೀ ದವಡೆಯಲ್ಲಿ ಒತ್ತಿಕೊಂಡಿರುವುದು ಬೇರೆ. ಗುಟ್ಕಾವನ್ನು ನಮ್ಮ ಸರಕಾರ 2013ರಲ್ಲಿ ನಿಷೇಧಿಸಿತು. ಆದರೂ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಹುಡುಗರ ಕೈಸೇರುತ್ತಿವೆ. ತಾತನವರಿಗೆ ನಲವತ್ತು ವರ್ಷದಲ್ಲಿ ಬಂದ ಕೇಡು ಮೊಮ್ಮಗನಿಗೆ ಅಷ್ಟು ಕಾಲ ಕಾಯುತ್ತದೆಂಬ ಭರವಸೆಯಿಲ್ಲ.

ಸಕ್ರೆಬೈಲಿನ ಆನೆ ಹೇಳುವ ಪಾಠ

ಶಿವಮೊಗ್ಗದ ಮಕ್ಕಳು ಸಕ್ರೆಬೈಲಿನ ಬಿಡಾರದಲ್ಲಿ ತುಂಗೆಯ ನೀರಿಗಿಳಿಯುವ ಆನೆಗಳನ್ನು ನೋಡಿ ನಲಿಯುತ್ತಾರೆ. ಅಷ್ಟು ದೊಡ್ಡ ದೇಹದಲ್ಲಿ ನಮ್ಮದಕ್ಕಿಂತ ಬಹುಪಾಲು ಹೆಚ್ಚು ಕೋಶಗಳಿವೆ, ಆಯುಷ್ಯವೂ ದೀರ್ಘ. ಲೆಕ್ಕದ ಪ್ರಕಾರ ಆನೆಗಳಿಗೆ ಕ್ಯಾನ್ಸರ್ ಹೆಚ್ಚಾಗಿ ಬರಬೇಕಿತ್ತು. ಆದರೆ ಬರುವುದು ಕಡಿಮೆ. 2015ರಲ್ಲಿ ಇದಕ್ಕೊಂದು ಕಾರಣ ದೊರೆಯಿತು. ಮನುಷ್ಯರಿಗೆ ತಂದೆ ತಾಯಿಯರಿಂದ ಪಿ-53ರ ಒಂದೊಂದು ಪ್ರತಿ ಬಂದರೆ, ಆನೆಗೆ ಸುಮಾರು ಇಪ್ಪತ್ತಿಪ್ಪತ್ತು ಬರುತ್ತವೆ. ಪೆಟ್ಟುಬಿದ್ದ ಕೋಶವನ್ನು ಆನೆಯ ದೇಹ ಬೇಗ ತೊಡೆದುಹಾಕುತ್ತದೆ. ನಮಗಿರುವುದು ಎರಡೇ ಪ್ರತಿ. ಕಾವಲುಗಾರರು ಕಡಿಮೆ ಇರುವ ಮನೆಯವರು ಬಾಗಿಲನ್ನು ಹೆಚ್ಚು ಎಚ್ಚರದಿಂದ ನೋಡಿಕೊಳ್ಳಬೇಡವೇ?

ನಮ್ಮ ನಾಡಿನಲ್ಲೂ ಈ ಸಂಶೋಧನೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೌಮಿತ್ರ ದಾಸ್ ಅವರ ತಂಡ ಕೋಶವು ಪಿ-53ನ್ನು ತಯಾರಿಸುವ ಒಂದು ವಿಶಿಷ್ಟ ದಾರಿಯನ್ನು 2006ರಲ್ಲಿ ತೋರಿಸಿತು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ ಪಿ-53ರ ಕೆಲಸಕ್ಕೆ ನೆರವಾಗುವ ಪಿಸಿ-4 ಎಂಬ ಪ್ರೋಟೀನನ್ನು ಕುರಿತು 2004ರಲ್ಲಿ ಬರೆಯಿತು. ಚೀನಾ ದೇಶ 2003ರಲ್ಲಿ ಒಳ್ಳೆಯ ಪಿ-53 ವಂಶವಾಹಿಯನ್ನು ಗೆಡ್ಡೆಗೆ ಸೇರಿಸುವ ಚಿಕಿತ್ಸೆಗೆ ಅನುಮತಿ ನೀಡಿತು. ಎಂಡಿಎಂ-2ರ ಹಿಡಿತವನ್ನು ಬಿಡಿಸುವ ಔಷಧಗಳೂ ಪರೀಕ್ಷೆಗೊಳಗಾಗಿವೆ. ಆದರೆ ಬಾಯಿಯ ಕ್ಯಾನ್ಸರಿಗೆ ಇಂದಿಗೂ ನೆಚ್ಚಬೇಕಾದದ್ದು ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಮತ್ತು ಔಷಧೋಪಚಾರಗಳನ್ನೇ. ಸಕಾಲದಲ್ಲಿ ಹೋದರೆ ಗುಣವಾಗುವ ಆಶೆ ಬಲವಾಗಿದೆ.

ಕನ್ನಡಿಯ ಮುಂದೆ ಎರಡು ನಿಮಿಷ

ನೆರೆಯ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ದೊಡ್ಡ ಪ್ರಯೋಗವೊಂದು ನಡೆಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ ನೋಡಿದರು, ಅಷ್ಟೆ. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಮೂರನೆಯ ಒಂದರಷ್ಟು ತಗ್ಗಿತು. ಕೇವಲ ನೋಟದಿಂದ ಇಷ್ಟು ಜೀವ ಉಳಿಯುವುದಾದರೆ ನಾವೇಕೆ ಸುಮ್ಮನಿರಬೇಕು?

ಎಲೆ ಅಡಿಕೆ, ತಂಬಾಕು, ಬೀಡಿಯ ರೂಢಿಯುಳ್ಳವರು ತಿಂಗಳಿಗೊಮ್ಮೆ ಕಟ್ಟುಹಲ್ಲು ಇದ್ದರೆ ತೆಗೆದಿಟ್ಟು, ಒಳ್ಳೆಯ ಬೆಳಕಿನಲ್ಲಿ ಕನ್ನಡಿ ಹಿಡಿದು ಕೆನ್ನೆ, ವಸಡು, ನಾಲಿಗೆಯ ಅಂಚು ಮತ್ತು ಅಡಿಭಾಗವನ್ನು ನೋಡಿಕೊಳ್ಳಬೇಕು. ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಖಾರ ತಗುಲಿದೊಡನೆ ವಿಪರೀತ ಉರಿ, ಕೊರಳಿನಲ್ಲಿ ಗಂಟು, ಮೂರು ಬೆರಳು ಒಟ್ಟಾಗಿ ಹಿಡಿಸದಷ್ಟು ಬಾಯಿ ಬಿಗಿದಿರುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ದಂತವೈದ್ಯರಲ್ಲಿಗಾಗಲಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗಾಗಲಿ ಹೋಗಬೇಕು. ಹೆಚ್ಚಿನ ಚಿಕಿತ್ಸೆಗೆ 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ. ನೋವಿಲ್ಲವೆಂದು ನಿರ್ಲಕ್ಷಿಸಬಾರದು. ಮೊದಲ ಹಂತದಲ್ಲಿ ನೋವು ಇರುವುದೇ ಅಪರೂಪ.

ಕೊನೆಯದಾಗಿ, ಭದ್ರಾವತಿಯ ಸೋದರಿಗೆ ನನ್ನ ಉತ್ತರ ಇಷ್ಟು. ತಾಯೀ, ನಿಮ್ಮ ಮಾವನವರ ದವಡೆಯಲ್ಲಿ ಕೆಟ್ಟ ಪಿ-53 ನಿಮ್ಮ ಮಗಳ ರಕ್ತಕ್ಕೆ ಬಂದಿಲ್ಲ. ನೀವು ಬರೆದಿರುವ ವಿವರದಲ್ಲಿ ಮನೆತನದ ರೋಗವೆನ್ನಲು ಆಧಾರವಿಲ್ಲ. ಚಿಕಿತ್ಸೆ ಮಾಡುತ್ತಿರುವ ವೈದ್ಯರ ಬಳಿಗೆ ಗಂಡಿನ ಕಡೆಯ ಹಿರಿಯರನ್ನೂ ಕರೆದುಕೊಂಡು ಹೋಗಿ, ಅವರ ಬಾಯಿಂದಲೇ ಈ ಮಾತನ್ನು ಕೇಳಿಸಿರಿ. ಮಗನನ್ನು ಬೈಯಬೇಡಿರಿ. ತಾತನವರ ಜೊತೆಗೆ ಆಸ್ಪತ್ರೆಗೆ ಹೋಗಿಬರುವ ಹೊಣೆಯನ್ನು ಅವನಿಗೇ ವಹಿಸಿರಿ, ಆ ದಾರಿಯಲ್ಲಿ ಅವನೇ ಚೀಟಿಯನ್ನು ಬಿಸಾಡಿಯಾನು. ಮಾವನವರಿಗೆ ಈ ಪುಟವನ್ನು ಓದಿ ಹೇಳಿರಿ. ಮೊಮ್ಮಗಳಿಗೆ ಅವರಿಂದ ಬಂದಿರುವುದು ರೋಗವಲ್ಲ, ಎರಡು ಎಕರೆ ತೋಟ ಬೆಳೆಸಿದ ದುಡಿಮೆಯ ಗುಣ ಎಂದು ತಿಳಿಸಿರಿ. ಮೊದಲು ಮೆತ್ತಗೆ ಅನ್ನ ಕಲಸಿ ಊಟ ಮಾಡಿಸಿರಿ. ಚಿಕಿತ್ಸೆಯನ್ನು ತಾಳಿಕೊಳ್ಳಲು ದೇಹದಲ್ಲಿ ಶಕ್ತಿ ಬೇಕು.

ಗಂಡಿನ ಮನೆಯ ಬಂಧುಗಳೂ ಈ ಪತ್ರಿಕೆಯ ವಾಚಕರಾಗಿರಬಹುದು. ಅವರಲ್ಲಿ ಒಂದೇ ವಿನಂತಿ: ವಿಜ್ಞಾನಿಗಳೇ ಹತ್ತು ವರ್ಷ ಕಾವಲುಗಾರನನ್ನು ಕಳ್ಳನೆಂದು ತಿಳಿದು, ಆಮೇಲೆ ತಿದ್ದಿಕೊಂಡರು. ನಾವು ಒಂದು ಹೆಣ್ಣುಮಗುವಿನ ವಿಚಾರದಲ್ಲಿ ತಿದ್ದಿಕೊಳ್ಳಲು ಅಷ್ಟು ಕಾಲ ತೆಗೆದುಕೊಳ್ಳುವುದು ಬೇಡ.

ಮುಂದಿನ ಸಂಚಿಕೆಯಲ್ಲಿ ಮಳೆಗಾಲದ ಜ್ವರಗಳನ್ನು ಕುರಿತು ನೋಡೋಣ.